ಓಡಿಸಿ ಬರೆದುಕೊಂಡರೆ ಸಾಲದು

ಫಿಟ್‌ನೆಸ್ ಟೆಸ್ಟ್ ಅಂತ ಜೂನ್ ಕೊನೆಯಲ್ಲಿ ಶಾಲೆ ಮಕ್ಕಳನ್ನು 600 ಮೀಟರ್ ಓಡಿಸಿ ಟೈಮ್ ಕಳಿಸಿ ಅನ್ನುವವರು ಒಮ್ಮೆ ಆಗುಂಬೆ ಕಡೆ ಬಂದು ಮೈದಾನ ನೋಡಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ಜಾಗ ಅದು. ಅಲ್ಲಿಂದ ಸ್ವಲ್ಪ ಈಚೆಗಿರುವ ನಮ್ಮ ಶಾಲೆಗೂ ಆ ಮೋಡದಲ್ಲಿ ಪಾಲಿದೆ. ಮೈದಾನದ ಒಂದು ಮೂಲೆಯಲ್ಲಿ ನೀರು, ಇನ್ನೊಂದು ಮೂಲೆಯಲ್ಲಿ ಪಾಚಿ, ಬೇಲಿ ಪಕ್ಕ ಇಂಬಳ. ಆ ಹೊತ್ತಲ್ಲಿ ತೆಗೆದ ಟೈಮ್ ಕೆಸರಿನ ಲೆಕ್ಕ. ಮಗುವಿನ ದಮ್ಮಿನ ಲೆಕ್ಕ ಅಂತ ಅದನ್ನು ಕಳಿಸೋಕೆ ನನಗೆ ಮನಸ್ಸು ಬರೋದಿಲ್ಲ.

ನಾನು ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಪಿಟಿ ಮೇಷ್ಟ್ರು. ಪೋಷಕರ ಸಭೆಯಲ್ಲಿ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ: "ಈ ಫಿಟ್‌ನೆಸ್ ಟೆಸ್ಟಿನಲ್ಲಿ ಪಾಸು ಫೇಲು ಉಂಟಾ ಮೇಷ್ಟ್ರೆ?" ಇಲ್ಲ. ಮಗು ಕಳೆದ ಸಲಕ್ಕಿಂತ ಈ ಸಲ ಹೇಗಿದೆ ಅಂತ ನೋಡೋಕೆ ಇರುವ ಅಳತೆ ಅದು. ಹಾಗೆ ನೋಡಬೇಕು ಅಂದ್ರೆ ಎರಡು ಸಲವೂ ಒಂದೇ ರೀತಿ ಅಳೆದಿರಬೇಕು. ನಾವು ಎಡವೋದು ಇಲ್ಲೇ.

ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾ ಹೆಸರಿನಲ್ಲಿ 2019ರಿಂದ ನಡೆಯುತ್ತಿರುವ ಪರೀಕ್ಷೆಗಳ ಪಟ್ಟಿ ದೊಡ್ಡದೇನಲ್ಲ. ಮೂರನೇ ಕ್ಲಾಸಿನವರೆಗೆ ಮೂರೇ ಪರೀಕ್ಷೆ: ಎತ್ತರ-ತೂಕ ನೋಡಿ ಬಿಎಂಐ, ಒಂಟಿಕಾಲಲ್ಲಿ ನಿಲ್ಲುವ ಫ್ಲೆಮಿಂಗೋ, ಕೈಚುರುಕಿಗೆ ಪ್ಲೇಟ್ ಟ್ಯಾಪಿಂಗ್. ನಾಲ್ಕನೇ ಕ್ಲಾಸಿನಿಂದ ಮೇಲೆ ಬಿಎಂಐ ಜೊತೆ 50 ಮೀಟರ್ ಓಟ, 600 ಮೀಟರ್ ಓಟ ಇಲ್ಲವೇ ನಡಿಗೆ, ಕೂತು ಮುಂದಕ್ಕೆ ಬಾಗುವ ಸಿಟ್ ಆಂಡ್ ರೀಚ್, ಮಲಗಿ ತಲೆ-ಹೆಗಲು ಎತ್ತುವ 30 ಸೆಕೆಂಡಿನ ಕರ್ಲ್‌ಅಪ್, ಪುಶ್‌ಅಪ್. ಹೆಣ್ಣುಮಕ್ಕಳಿಗೆ ಪುಶ್‌ಅಪ್ ಮೊಣಕಾಲೂರಿ.

ಬಾಗುವ ಪರೀಕ್ಷೆಗೆ ಒಂದು ಮರದ ಡಬ್ಬಿ ಬೇಕು. ಪಾದವನ್ನು ಅದಕ್ಕೆ ಒತ್ತಿ, ಮೊಣಕಾಲು ಮಡಚದೆ, ಮೇಲಿನ ಸ್ಕೇಲ್ ಮೇಲೆ ಬೆರಳು ಜಾರಿಸಬೇಕು. ನಮ್ಮಲ್ಲಿ ಮೊದಲು ಇದ್ದದ್ದು ಪಕ್ಕದ ಶಾಲೆಯಿಂದ ಎರವಲು ತಂದ ಡಬ್ಬಿ. ಮುಂದಿನ ವರ್ಷ ಊರಿನ ಆಚಾರಿಯವರ ಹತ್ತಿರ ಹಲಸಿನ ಹಲಗೆಯಲ್ಲಿ ನಮ್ಮದೇ ಒಂದು ಮಾಡಿಸಿದೆ. ಚಂದದ ಡಬ್ಬಿ, ಮಕ್ಕಳೇ ಎಣ್ಣೆ ಒರೆಸಿದ್ದರು. ಟೆಸ್ಟ್ ಮಾಡಿ ನೋಡಿದರೆ ಇಡೀ ಏಳನೇ ಕ್ಲಾಸಿಗೆ ಸೊಂಟ ಹಿಡಿದುಹೋಗಿದೆ! ಒಬ್ಬೊಬ್ಬರದ್ದೂ ಏಳೆಂಟು ಸೆಂಟಿಮೀಟರ್ ಕಮ್ಮಿ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಪಾದ ತಾಗುವ ಜಾಗ ಹಳೇ ಡಬ್ಬಿಯ ಸ್ಕೇಲಿನಲ್ಲಿ 23ಕ್ಕೆ ಇತ್ತು, ನಮ್ಮದರಲ್ಲಿ 15ಕ್ಕೆ. ಆಚಾರಿಯವರದ್ದು ತಪ್ಪಲ್ಲ, ನಕ್ಷೆ ಕೊಟ್ಟವನು ನಾನೇ. ಲೋಕದಲ್ಲಿ ಎರಡೂ ಥರದ ಡಬ್ಬಿ ಇವೆ, 26ರದ್ದೂ ಇದೆ. ಯಾವುದಾದರೂ ನಡೆಯುತ್ತದೆ, ಬದಲಾಯಿಸಬಾರದು ಅಷ್ಟೇ. ಈಗ ಡಬ್ಬಿಯ ತಳದಲ್ಲಿ ಪೇಂಟಿನಿಂದ "15" ಅಂತ ಬರೆದಿಟ್ಟಿದ್ದೇನೆ.

50 ಮೀಟರಿಗೂ ಇಂಥದ್ದೇ ಒಂದು ಸಣ್ಣ ಗುಟ್ಟಿದೆ. ಶುರುವಿನಲ್ಲಿ ಸೀಟಿ ಊದುತ್ತಾರೆ, ಸ್ಟಾಪ್‌ವಾಚ್ ಇರುವುದು ಆ ತುದಿಯಲ್ಲಿ. ಶಬ್ದ 50 ಮೀಟರ್ ದಾಟೋಕೆ ಸುಮಾರು 0.15 ಸೆಕೆಂಡ್ ಬೇಕು. ಸೀಟಿ ಕೇಳಿ ಗುಂಡಿ ಒತ್ತಿದರೆ ಎಲ್ಲರೂ ಅಷ್ಟು ಪುಕ್ಕಟೆ ವೇಗ ಪಡೆಯುತ್ತಾರೆ. ಬಾವುಟ ಇಳಿಸಿ, ಕಣ್ಣಲ್ಲಿ ನೋಡಿ ಒತ್ತಿ. 600 ಮೀಟರಿಗೆ ಟೇಪ್ ಹಿಡಿದು ಸುತ್ತಳತೆ ತೆಗೆಯಿರಿ. ನಮ್ಮ ಮೈದಾನದ ಒಂದು ಸುತ್ತು 120 ಮೀಟರ್, ಹಾಗಾಗಿ ಐದು ಸುತ್ತು.

ಈಗ ಬಿಎಂಐ. ಇದನ್ನು ಬರೆಯೋಕೆ ಸ್ವಲ್ಪ ಮುಜುಗರ, ಯಾಕೆಂದರೆ ತಪ್ಪು ನನ್ನದು.

ಕೆಲವು ವರ್ಷದ ಹಿಂದೆ ಎಂಟನೇ ಕ್ಲಾಸಿನವರನ್ನು ಸಾಲು ನಿಲ್ಲಿಸಿ ತೂಕ ನೋಡುತ್ತಿದ್ದೆ. ಕೆಲಸ ಬೇಗ ಮುಗೀಲಿ ಅಂತ ನಾನು ಕೂಗಿ ಹೇಳುವುದು, ಒಬ್ಬ ಹುಡುಗ ಬರೆದುಕೊಳ್ಳುವುದು. ಒಬ್ಬಳು ಹುಡುಗಿಯದ್ದು ಐವತ್ತೆರಡು ಬಂತು. ಸಂಜೆಯೊಳಗೆ ಹುಡುಗರು ಅವಳಿಗೆ ಅದನ್ನೇ ಹೆಸರಾಗಿ ಇಟ್ಟಿದ್ದರು. "ಐವತ್ತೆರಡು ಬಂತು ನೋಡ್ರೋ" ಅಂತ. ನನಗೆ ಗೊತ್ತೇ ಇರಲಿಲ್ಲ. ಹದಿನೈದು ದಿನ ಬಿಟ್ಟು ಅವಳ ತಾಯಿ ಅಡಿಕೆ ತೋಟದ ಕೆಲಸದಿಂದ ನೇರ ಶಾಲೆಗೆ ಬಂದರು, ಕತ್ತಿ ಇನ್ನೂ ಸೊಂಟದಲ್ಲೇ ಇತ್ತು. "ಮೇಷ್ಟ್ರೆ, ಹುಡುಗಿ ರಾತ್ರಿ ಊಟ ಬಿಟ್ಟಿದೆ. ಎಂತ ಅಂತ ಕೇಳಿದ್ರೆ ಬಾಯಿ ಬಿಡೂದಿಲ್ಲ. ಶಾಲೆಲಿ ಎಂತಾದ್ರೂ ಆಯ್ತಾ?" ನಾನು ಏನು ಹೇಳಲಿ? ಅವರನ್ನು ಕೂರಿಸಿ ಆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿಂದ ನಮ್ಮಲ್ಲಿ ಯಾರ ನಂಬರನ್ನೂ ಜೋರಾಗಿ ಹೇಳುವಂತಿಲ್ಲ. ಒಬ್ಬೊಬ್ಬರಿಗೆ ಒಂದು ಕಾರ್ಡ್. ತೂಕ ನೋಡುವುದು ಬಾಗಿಲು ಮುಂದೆ ಮಾಡಿದ ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಕರೆದು. ಬರೆದು ಮಡಚಿ ಕೊಡುತ್ತೇನೆ.

ಬಿಎಂಐ ಲೆಕ್ಕ ಸುಲಭ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಆಯಿತು. ಆದರೆ ದೊಡ್ಡವರ ಕೋಷ್ಟಕವನ್ನು ಮಕ್ಕಳಿಗೆ ಹಚ್ಚಬಾರದು. ದೊಡ್ಡವರಿಗೆ 18.5ಕ್ಕಿಂತ ಕಮ್ಮಿ ಅಂದ್ರೆ ತೂಕ ಸಾಲದು ಅಂತ. ಹತ್ತು ವರ್ಷದ ಹುಡುಗನಿಗೆ 16ರ ಆಸುಪಾಸು ಪೂರ್ತಿ ಸರಿ. ಮಕ್ಕಳದ್ದನ್ನು ವಯಸ್ಸು, ಗಂಡೋ ಹೆಣ್ಣೋ ನೋಡಿ ಓದಬೇಕು. ಎತ್ತರದಲ್ಲಿ ಸ್ವಲ್ಪ ತಪ್ಪಿದರೂ ಲೆಕ್ಕ ಜಾರುತ್ತದೆ: 32 ಕಿಲೋ ಮಗು 142 ಸೆಂ.ಮೀ. ಇದ್ದರೆ 15.9, ಅದನ್ನೇ 140 ಅಂತ ಬರೆದರೆ 16.3. ಗೋಡೆಗೆ ಹಿಮ್ಮಡಿ ತಾಗಿಸಿ, ಜಡೆ ತುರುಬು ಬಿಚ್ಚಿಸಿ ಅಳೆಯಿರಿ.

600 ಮೀಟರಿನಲ್ಲಿ ನಮ್ಮ ಮಕ್ಕಳು ಕಟ್ಟಿದ ಕರು ಬಿಚ್ಚಿದ ಹಾಗೆ ಹೊರಡುತ್ತಾರೆ, ಎರಡನೇ ಸುತ್ತಿಗೆ ಸುಸ್ತು. ಇದು ಅಭ್ಯಾಸ ಇಲ್ಲದ್ದಕ್ಕೆ. ಒಂದು ವಾರ ಮೊದಲು ಎರಡು ಸಲ ಸುಮ್ನೆ ಓಡಿಸಿದರೆ ಸರಿಯಾಗುತ್ತದೆ. ಆದರೆ ಮೆಲ್ಲಗೆ ಹೊರಟವಳೂ ಮೂರನೇ ಸುತ್ತಿಗೆ ಮಂಡಿ ಹಿಡಿದು ನಿಂತರೆ, ಕಣ್ಣಿನ ಕೆಳರೆಪ್ಪೆ ಬಿಳುಚಿಕೊಂಡಿದ್ದರೆ, ನಾನು ಟೈಮ್ ಬರೆಯೋದಿಲ್ಲ. ಶಾಲೆಗೆ ಬರುವ ಆರೋಗ್ಯ ತಪಾಸಣೆಯವರಿಗೆ ಹೆಸರು ಕೊಡುತ್ತೇನೆ, ರಕ್ತ ಕಮ್ಮಿ ಇದೆಯಾ ನೋಡಲಿ ಅಂತ. ದಿನಾ ನಾಲ್ಕು ಕಿಲೋಮೀಟರ್ ಗುಡ್ಡ ಹತ್ತಿ, ಸಂಕ ದಾಟಿ ಬರುವ ಹುಡುಗಿ ಐದು ಸುತ್ತು ಓಡಲಾರಳು ಅಂದ್ರೆ ಸೋಮಾರಿತನ ಅಂತ ಹೇಗೆ ಹೇಳೋದು? ವಾರಕ್ಕೊಂದು ಕಬ್ಬಿಣದ ಮಾತ್ರೆ ಶಾಲೆಯಲ್ಲೇ ಕೊಡುತ್ತೇವೆ, ದೊಡ್ಡ ಮಕ್ಕಳಿಗೆ ನೀಲಿ, ಚಿಕ್ಕವರಿಗೆ ಗುಲಾಬಿ. ಕಿಟಕಿ ಸಂದಿಯಲ್ಲಿ ನೀಲಿ ಮಾತ್ರೆ ಸಿಕ್ಕಿದ್ದೂ ಉಂಟು. ಊಟ ಮಾಡಿ ನುಂಗಬೇಕು, ಹಿಂದೆಯೇ ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತೋದು ಕಮ್ಮಿ.

ಉಬ್ಬಸ ಇರುವವರು, ಜ್ವರದಿಂದ ಎದ್ದವರು ಅವತ್ತು ಓಡಬೇಕಿಲ್ಲ.

ಎಲ್ಲರ ಮುಂದೆ ಅಳೆದು, ಮೊದಲು ಬಂದವರಿಗೆ ಬಿಲ್ಲೆ ಕೊಡುವ ಚಾಳಿ ನಮ್ಮದೊಂದೇ ಅಲ್ಲ. ಅಮೆರಿಕದ ಮಕ್ಕಳು ಯುರೋಪಿನ ಮಕ್ಕಳಿಗಿಂತ ಮೆತ್ತಗೆ ಅಂತ ಒಂದು ಪರೀಕ್ಷೆಯಲ್ಲಿ ಕಂಡದ್ದಕ್ಕೆ ಅಲ್ಲಿನ ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಮಕ್ಕಳ ಫಿಟ್‌ನೆಸ್‌ಗೆ ಅಂತ ಮಂಡಳಿಯನ್ನೇ ಕಟ್ಟಿದರು. 1966ರಿಂದ ಅಧ್ಯಕ್ಷರ ಪ್ರಶಸ್ತಿ ಬಂತು, ಮೇಲಿನ ನೂರಕ್ಕೆ 15 ಮಕ್ಕಳಿಗೆ ಮಾತ್ರ. ಉಳಿದ 85 ಮಕ್ಕಳು ಎಂತ ಕಲಿತರು? 2012ರಲ್ಲಿ ಅದನ್ನು ಕೈಬಿಟ್ಟರು. 2025ರ ಜುಲೈನಲ್ಲಿ ಟ್ರಂಪ್ ಮತ್ತೆ ತರುವ ಆದೇಶಕ್ಕೆ ಸಹಿ ಹಾಕಿದ್ದಾರೆ. ಅವರ ಪಾಡು ಅವರಿಗೆ.

ನಾನು ಅಳೆಯುವುದು ವರ್ಷಕ್ಕೆ ಎರಡು ಸಲ. ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚೆ. ಮತ್ತೆ ಜನವರಿ ಕೊನೆಗೆ, ಇಬ್ಬನಿ ಆರಿದ ಮೇಲೆ. ದೀಪಾವಳಿ ಆಸುಪಾಸು ಬೇಡ. ಅಡಿಕೆ ಕೊಯ್ಲಿನ ಕಾಲ ಅದು, ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದ ಮಕ್ಕಳು ಬೆಳಿಗ್ಗೆ ಸಾಲಿನಲ್ಲೇ ತೂಕಡಿಸುತ್ತಾರೆ.

ಮಳೆಗಾಲದಲ್ಲಿ ಚಿಕ್ಕವರಿಗೆ ಜಗಲಿಯೇ ಸಾಕು. ಪ್ಲೇಟ್ ಟ್ಯಾಪಿಂಗಿಗೆ ರಟ್ಟು ಕತ್ತರಿಸಿ 20 ಸೆಂ.ಮೀ. ಅಗಲದ ಎರಡು ಬಿಲ್ಲೆ, ನಡುವಿಂದ ನಡುವಿಗೆ 60 ಸೆಂ.ಮೀ. ಬರುವಂತೆ ಡೆಸ್ಕಿಗೆ ಅಂಟಿಸಿದ್ದೇವೆ. ಮಧ್ಯೆ ಒಂದು ಕೈ ಊರಿ, ಇನ್ನೊಂದರಿಂದ ಆಚೆ ಈಚೆ 25 ಸುತ್ತು, ಒಟ್ಟು 50 ಬಡಿತ. ಹೋದ ವಾರ ಈ ಸದ್ದು ಕೇಳಿ ಬಿಸಿಯೂಟದ ಅಡುಗೆ ಅಕ್ಕ ಸೌಟು ಹಿಡಿದೇ ಬಂದರು. "ಇದೆಂತ ಮೇಷ್ಟ್ರೆ, ನಾನೂ ಒಂದ್ಸಲ ಬಡೀಲಾ?" ಅಂದರು. ಮೂರನೇ ಕ್ಲಾಸಿನ ಒಬ್ಬಳು ಸ್ಟಾಪ್‌ವಾಚ್ ಹಿಡಿದಳು. ಮುಗಿದ ಮೇಲೆ "ಎಷ್ಟು ಬಂತು?" ಅಂತ ಕೇಳಿದೆ. ಅವಳು ವಾಚನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

"ಅಕ್ಕಂಗೆ ಒಂದು ಕಾರ್ಡ್ ಕೊಡಿ ಸಾರ್, ಅದ್ರಲ್ಲಿ ಬರೀತೀನಿ."