ಕಬ್ಬಿಣವಿಲ್ಲದ ಅಯಸ್ಕಾಂತ

ಒಂದು ಕಾಗದ ತಗೊಳ್ಳಿ. ಆರು ಷಟ್ಕೋನಗಳನ್ನು ಅಂಟಿಸಿ ತ್ರಿಕೋನ ಬರೆಯಿರಿ: ಕೆಳಗೆ ಮೂರು, ಮೇಲೆ ಎರಡು, ತುದಿಗೆ ಒಂದು. ರಂಗೋಲಿಯ ಹಾಗೆ ಮೂಲೆಮೂಲೆಗೂ ಚುಕ್ಕಿ ಇಡಿ. ಒಟ್ಟು 22. ಈಗ ಒಂದು ಚುಕ್ಕಿಗೆ ಕೆಂಪು, ಪಕ್ಕದ್ದಕ್ಕೆ ನೀಲಿ ಬಳಿಯುತ್ತಾ ಹೋಗಿ. ಒಂದು ಬಣ್ಣದವು 12, ಇನ್ನೊಂದರವು 10. ಕೆಂಪಿಗೆ ನೀಲಿ ಸೇರಿಸಿ ಹೇಗೆ ಜೋಡಿ ಮಾಡಿದರೂ ಎರಡು ಒಂಟಿ!

ಚುಕ್ಕಿಯ ಜಾಗದಲ್ಲಿ ಇಂಗಾಲದ ಪರಮಾಣು ಇಟ್ಟರೆ ಅದೇ ಟ್ರಯಾಂಗ್ಯುಲೀನ್. ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಿಂದ ಕತ್ತರಿಸಿದ ಚೂರಿನಂಥ ಅಣು. ಒಂದೊಂದು ಇಂಗಾಲಕ್ಕೂ ಜೋಡಿ ಹುಡುಕುವ ಒಂದು ಎಲೆಕ್ಟ್ರಾನ್ ಇದೆ. ಜೋಡಿಯಾದ ಎಲೆಕ್ಟ್ರಾನ್‌ಗಳ ಕಾಂತಗುಣ ಒಂದನ್ನೊಂದು ಅಳಿಸಿಹಾಕುತ್ತದೆ. ಒಂಟಿಯಾದ ಎರಡರದ್ದು ಉಳಿಯುತ್ತದೆ, ಅದೂ ಒಂದೇ ದಿಕ್ಕಿಗೆ. ಅಯಸ್ಕಾಂತ ಅನ್ನೋ ಪದದಲ್ಲೇ ಅಯಸ್ಸು, ಅಂದರೆ ಕಬ್ಬಿಣ ಇದೆ. ಈ ಅಣುವಿನಲ್ಲಿ ಮಾತ್ರ ಅದರ ಸುಳಿವೂ ಇಲ್ಲ.

ಬರೆಯೋದು ಸುಲಭ, ಮಾಡೋದು ಕಷ್ಟ. ಗ್ಲಾಸ್ಗೋದಲ್ಲಿದ್ದ ರಸಾಯನ ವಿಜ್ಞಾನಿ ಎರಿಕ್ ಕ್ಲಾರ್ 1953ರಲ್ಲಿ ಪ್ರಯತ್ನಿಸಿ ಸೋತರು. ಒಂಟಿ ಎಲೆಕ್ಟ್ರಾನ್ ಸುಮ್ನೆ ಕೂರಲ್ಲ, ಅಲ್ವಾ? ಅಣುಗಳು ಒಂದಕ್ಕೊಂದು ಅಂಟಿಕೊಂಡು ಪಾಲಿಮರ್ ಆಗಿಬಿಟ್ಟವು.

1981ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಲ್ಯಾಬಿನಲ್ಲಿ ಬಿನಿಗ್ ಮತ್ತು ರೋರರ್ ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪ್ ಕಟ್ಟಿದರು. ಒಂದೊಂದೇ ಪರಮಾಣು ನೋಡಬಲ್ಲ ಯಂತ್ರ, ಚೂಪು ಸೂಜಿಯೇ ಅದರ ಕಣ್ಣು. 2017ರಲ್ಲಿ ಅದೇ ಲ್ಯಾಬಿನವರು ಅಂಥ ಸೂಜಿಯನ್ನು ಚಿಮಟದ ಹಾಗೆ ಬಳಸಿದರು. ಎರಡು ಹೈಡ್ರೋಜನ್ ಜಾಸ್ತಿ ಇರುವ ಅಣುವನ್ನು ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದವರು ಮಾಡಿಕೊಟ್ಟರು. ನಿರ್ವಾತ, ಮೈನಸ್ 268 ಡಿಗ್ರಿಯ ಆಸುಪಾಸಿನ ಚಳಿ. ಅಲ್ಲಿ ಸೂಜಿಯ ತುದಿಯಿಂದ ವೋಲ್ಟೇಜ್ ಕೊಟ್ಟು ಆ ಎರಡನ್ನೂ ಕಿತ್ತರು. ಪಕ್ಕದಲ್ಲಿ ಅಂಟಿಕೊಳ್ಳಲು ಇನ್ನೊಂದು ಅಣುವೇ ಇಲ್ಲ. ತಾಮ್ರದ ಮೇಲೆ ಇಟ್ಟರೂ ಅದಕ್ಕೆ ಅಂಟಲಿಲ್ಲ. ಇದು ಅವರಿಗೇ ಅಚ್ಚರಿ.

ಹೀಗೆ ಒಂದೊಂದೇ ಕೀಳುತ್ತಾ ಕೂತರೆ ಎಷ್ಟು ದಿನ ಬೇಕು! ಇನ್ನೊಂದು ದಾರಿ ಆಗಲೇ ಇತ್ತು. ಸ್ವಿಟ್ಜರ್ಲೆಂಡಿನ ಸಂಶೋಧನಾ ಸಂಸ್ಥೆ ಎಂಪಾ ಮತ್ತು ಜರ್ಮನಿಯ ಮೈಂಜ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2010ರಲ್ಲೇ ಬಿಸಿ ಚಿನ್ನದ ಮೇಲೆ ಗ್ರಾಫೀನ್ ಪಟ್ಟಿ ಬೆಳೆಸಿದ್ದರು. ತಕ್ಕ ಆಕಾರದ ಅಣುಗಳನ್ನು ಚಿನ್ನದ ಮೇಲೆ ಉದುರಿಸಿ ಕಾಯಿಸಿದರೆ ಅವೇ ಕೂಡಿಕೊಳ್ಳುತ್ತವೆ.

ಅದೇ ವಿಧಾನದಲ್ಲಿ ಎಂಪಾ ತಂಡ 2020ರಲ್ಲಿ 'ಕ್ಲಾರ್ ಬಟ್ಟಲು' ಎಂಬ ಇನ್ನೊಂದು ಇಂಗಾಲದ ಅಣು ಮಾಡಿತು. ಇದನ್ನೂ ಕ್ಲಾರ್ 1972ರಲ್ಲೇ ಊಹಿಸಿದ್ದರು. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಯಾಕಂದ್ರೆ ಇಲ್ಲಿ ಕೆಂಪು 19, ನೀಲಿಯೂ 19. ಲೆಕ್ಕ ಸರಿ, ಆದರೂ ಆಕಾರದ ಕಾಟದಿಂದ ಎರಡು ಎಲೆಕ್ಟ್ರಾನ್ ಒಂಟಿ, ಈ ಸಲ ವಿರುದ್ಧ ದಿಕ್ಕಿಗೆ. ಅವುಗಳ ನಡುವಿನ ಬಿಗಿ 23 ಮಿಲಿ ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಶಾಖದ ಶಕ್ತಿಗೆ ಇದು ಹೆಚ್ಚುಕಡಿಮೆ ಸಮ.

2021ರಲ್ಲಿ ಟ್ರಯಾಂಗ್ಯುಲೀನ್‌ಗಳನ್ನು ಸರದ ಹಾಗೆ ಪೋಣಿಸಿದರು. ಎಲೆಕ್ಟ್ರಾನಿನ ಕಾಂತಗುಣದ ಮೂಲ ಅದರ ಸ್ಪಿನ್. ಒಂಟಿ ಎಲೆಕ್ಟ್ರಾನಿಗೆ ಅದು ಅರ್ಧ, ಎರಡಿರುವ ಒಂದೊಂದು ಅಣುವಿಗೆ 1. ಸರದ ಎರಡು ತುದಿಯಲ್ಲಿ ಮಾತ್ರ ಅರ್ಧರ್ಧ ಸ್ಪಿನ್ ಕಾಣಿಸಿತು. ಭೌತವಿಜ್ಞಾನಿ ಹಾಲ್ಡೇನ್ 1983ರಲ್ಲಿ ಇಂಥ ಸರಗಳ ಬಗ್ಗೆ ಕೊಟ್ಟ ಸಿದ್ಧಾಂತವನ್ನು ಮುಂದುವರಿಸಿದವರು ಊಹಿಸಿದ್ದೂ ಅದನ್ನೇ.

ಅದೇ ವರ್ಷ ಜಪಾನಿನ ಒಸಾಕಾದವರು ಮತ್ತೆ ಫ್ಲಾಸ್ಕ್ ಹಿಡಿದರು. ತ್ರಿಕೋನದ ಸುತ್ತ ದಪ್ಪ ಗುಂಪುಗಳನ್ನು ಬೇಲಿಯ ಹಾಗೆ ನೆಟ್ಟು, ಟ್ರಯಾಂಗ್ಯುಲೀನನ್ನು ಹರಳಾಗಿಯೇ ಹೊರತೆಗೆದರು.