ಬೀದರ್ ಕೋಟೆಯ ಮೇಲಿಂದ ಧ್ರುವಪ್ರಭೆ ಕಾಣುತ್ತದೆಯೇ?

ಪ್ರಶ್ನೆ: ‘ಸೂರ್ಯನಲ್ಲಿ ಭಾರಿ ಸ್ಫೋಟ, ಇಂದು ರಾತ್ರಿ ಭಾರತದಲ್ಲೂ ಅರೋರಾ’ ಎಂಬ ಸಂದೇಶ ಮೊಬೈಲ್‌ಗೆ ಮತ್ತೆ ಮತ್ತೆ ಬರುತ್ತದೆ. ಲಡಾಖ್‌ನಲ್ಲಿ ಕಂಡದ್ದು ಬೀದರ್‌ನಲ್ಲಿ ಏಕೆ ಕಾಣುವುದಿಲ್ಲ? ಮಕ್ಕಳನ್ನು ಕರೆದುಕೊಂಡು ಕೋಟೆಯ ಕಡೆ ಹೋಗಿ ಕಾಯಬಹುದೇ?

ಉತ್ತರ: ಅರೋರಾ ಎಂದರೆ ಧ್ರುವಪ್ರಭೆ, ಧ್ರುವಗಳ ಕಡೆಯ ರಾತ್ರಿಯಾಕಾಶದಲ್ಲಿ ಮೂಡುವ ಬಣ್ಣದ ಬೆಳಕು. ಅದು ಬೀದರ್‌ನಲ್ಲಿ ಕಾಣುವುದಿಲ್ಲ ಎಂದೇ ಹೇಳಬೇಕು. ಆದರೆ ‘ಎಂದೆಂದಿಗೂ ಇಲ್ಲ’ ಎನ್ನಲು ನನಗೆ ಮನಸ್ಸು ಬರುವುದಿಲ್ಲ. 1872ರ ಫೆಬ್ರುವರಿ 4ರ ರಾತ್ರಿ ಮುಂಬೈಯಲ್ಲಿ ಧ್ರುವಪ್ರಭೆ ಕಂಡಿತೆಂದು ಅಲ್ಲಿನ ಪತ್ರಿಕೆ ವರದಿ ಮಾಡಿತ್ತು. ಮುಂಬೈ 19 ಡಿಗ್ರಿ ಅಕ್ಷಾಂಶದಲ್ಲಿದೆ, ಬೀದರ್ 18ರ ಹತ್ತಿರ. ಅಂಥ ರಾತ್ರಿ ಶತಮಾನಕ್ಕೊಮ್ಮೆ ಬಂದರೂ ಹೆಚ್ಚು.

ಚಳಿ ಇದ್ದರೆ ಧ್ರುವಪ್ರಭೆ ಬರುತ್ತದೆ ಎಂದು ಅನೇಕರು ನಂಬಿದ್ದಾರೆ. ಚಳಿಗೂ ಅದಕ್ಕೂ ಸಂಬಂಧವಿಲ್ಲ. ಸೂರ್ಯನಿಂದ ಬಂದ ಪ್ಲಾಸ್ಮಾ (ವಿದ್ಯುದಂಶ ಹೊತ್ತ ಕಣಗಳ ಬಿಸಿ ಅನಿಲ) ಭೂಮಿಯ ಕಾಂತಕ್ಷೇತ್ರವನ್ನು ಕದಡಿದಾಗ, ಅಲ್ಲಿರುವ ಎಲೆಕ್ಟ್ರಾನ್‌ಗಳು ಕಾಂತರೇಖೆಗಳ ಗುಂಟ ಧ್ರುವಗಳ ಕಡೆ ಇಳಿದು ಮೇಲಿನ ವಾಯುವಿಗೆ ಬಡಿಯುತ್ತವೆ. ಆಮ್ಲಜನಕ 100 ಕಿಲೋಮೀಟರಿನ ಆಸುಪಾಸಿನಲ್ಲಿ ಹಸಿರಾಗಿ, 200 ಕಿಲೋಮೀಟರಿಗಿಂತ ಮೇಲೆ ಕೆಂಪಾಗಿ ಬೆಳಗುತ್ತದೆ. ಆದ್ದರಿಂದ ಒಂದು ಊರಿಗೆ ಧ್ರುವಪ್ರಭೆ ಎಷ್ಟು ಹತ್ತಿರ ಎಂಬುದನ್ನು ಅಳೆಯಬೇಕಾದದ್ದು ನಕ್ಷೆಯ ಅಕ್ಷಾಂಶದಿಂದಲ್ಲ, ಭೂಮಿಯ ಕಾಂತೀಯ ಧ್ರುವಗಳನ್ನು ಆಧರಿಸಿ ಎಣಿಸುವ ಕಾಂತೀಯ ಅಕ್ಷಾಂಶದಿಂದ.

ಇಲ್ಲಿಯೇ ನಮಗೆ ಅನ್ಯಾಯವಾಗಿರುವುದು. ಭೂಮಿಯ ಕಾಂತೀಯ ಅಕ್ಷ ಕೆನಡಾದ ಕಡೆಗೆ ವಾಲಿದೆ, ನಾವಿರುವುದು ಅದರ ಎದುರು ಬದಿಯಲ್ಲಿ. ಮೆಕ್ಸಿಕೊ ನಗರ ನಕ್ಷೆಯಲ್ಲಿ ಬೀದರ್‌ಗಿಂತ ಒಂದೂವರೆ ಡಿಗ್ರಿಯಷ್ಟೇ ಉತ್ತರಕ್ಕಿದ್ದರೂ ಅದರ ಕಾಂತೀಯ ಅಕ್ಷಾಂಶ ಸುಮಾರು 28 ಡಿಗ್ರಿ. ಬೀದರ್‌ನದು ಸುಮಾರು 10 ಮಾತ್ರ. ಕಲಬುರಗಿ, ಯಾದಗಿರಿಗಳದು ಇನ್ನೂ ಕಡಿಮೆ. ಲಡಾಖ್‌ನ ಹಾನ್ಲೆಗೆ 24 ಡಿಗ್ರಿ ಸಿಗುತ್ತದೆ. 2024ರ ಮೇ 10–11ರ ರಾತ್ರಿ, ಕಾಂತೀಯ ಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದ ಕದಡುವಿಕೆ, ತನ್ನ ಐದು ಹಂತಗಳಲ್ಲಿ ಅತ್ಯುನ್ನತವಾದ ಜಿ5 ಮುಟ್ಟಿದಾಗ, ಅಲ್ಲಿಯ ವೀಕ್ಷಣಾಲಯದಿಂದ ದಿಗಂತದ ಬಳಿ ಕೆಂಪು ಹೊಳಪು ಕಂಡಿತು. ಹಸಿರು ಕಾಣಲಿಲ್ಲ, ಏಕೆಂದರೆ ಕೆಳಮಟ್ಟದ ಹಸಿರು ಭೂಮಿಯ ಬಾಗಿನ ಮರೆಯಲ್ಲಿ ಉಳಿಯಿತು. 4,500 ಮೀಟರ್ ಎತ್ತರದ ತಿಳಿಯಾದ, ಕಗ್ಗತ್ತಲೆಯ ಆಕಾಶವೂ ನೆರವಾಯಿತು.

ಸಂದೇಶಗಳಲ್ಲಿ ಇನ್ನೊಂದು ಗೊಂದಲವಿದೆ. ಸೌರಜ್ವಾಲೆ ಎಂದರೆ ಬೆಳಕಿನ ಸ್ಫೋಟ. ಎಂಟು ನಿಮಿಷದಲ್ಲಿ ನಮ್ಮನ್ನು ಮುಟ್ಟಿ, ಹಗಲಿರುವ ಭಾಗದ ರೇಡಿಯೊ ಸಂಪರ್ಕ ಕೆಡಿಸಬಲ್ಲದು. ಧ್ರುವಪ್ರಭೆ ತರುವುದು ಅದಲ್ಲ. ಜ್ವಾಲೆಯ ಜೊತೆಗೆ ಕೆಲವೊಮ್ಮೆ ಸಿಡಿಯುವ ಪ್ಲಾಸ್ಮಾ ಮೋಡ ಒಂದರಿಂದ ಮೂರು ದಿನಗಳಲ್ಲಿ ಬರುತ್ತದೆ. ಬಂದರೂ ಅದರೊಳಗಿನ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿರಬೇಕು. ಉತ್ತರಕ್ಕಿದ್ದರೆ ಬಿರುಗಾಳಿ ಸಪ್ಪೆಯಾಗುತ್ತದೆ. ಈ ದಿಕ್ಕು ಖಚಿತವಾಗಿ ತಿಳಿಯುವುದು ಮೋಡ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ನಮ್ಮ ಆದಿತ್ಯ-ಎಲ್1ರಂಥ ನೌಕೆಗಳನ್ನು ದಾಟಿದಾಗ, ಅಂದರೆ ಗಂಟೆಯೊಳಗಿನ ಮುನ್ಸೂಚನೆ. ಎರಡು ದಿನ ಮೊದಲೇ ‘ಖಂಡಿತ ಕಾಣುತ್ತದೆ’ ಎನ್ನುವವರನ್ನು ನಂಬಬೇಡಿ.

ಬಿರುಗಾಳಿ ಜಿ5 ಮುಟ್ಟಿತೆಂಬ ಸುದ್ದಿ ಬಂದ ರಾತ್ರಿ ಮಾತ್ರ ಹೊರಡಿ, ಆದರೆ ಕೋಟೆಗಲ್ಲ. ಊರಿನ ದೀಪಗಳು ಬೆನ್ನ ಹಿಂದೆ ಉಳಿಯುವಂತೆ ಔರಾದ್ ಕಡೆಯ ಹೊಲಕ್ಕೆ ಹೋಗಿ. ಮೊಬೈಲ್ ಅಲುಗದಂತೆ ಕಲ್ಲಿನ ಮೇಲಿಟ್ಟು, ಕ್ಯಾಮೆರಾ ಕೆಲವು ಸೆಕೆಂಡು ಬೆಳಕು ಹೀರುವಂತೆ (ಲಾಂಗ್ ಎಕ್ಸ್‌ಪೋಷರ್) ಇಟ್ಟು ಉತ್ತರ ದಿಗಂತದ ಚಿತ್ರ ತೆಗೆಯಿರಿ. ಕಿತ್ತಳೆ ಛಾಯೆ ಬಂದರೆ ಹಿಗ್ಗಬೇಡಿ. ಕಬ್ಬಿನ ರವದಿಗೆ ಹಚ್ಚಿದ ಬೆಂಕಿ, ದೂರದ ಊರಿನ ಬೀದಿದೀಪ ಎರಡೂ ಮೋಡಕ್ಕೆ ಅದೇ ಬಣ್ಣ ಬಳಿಯುತ್ತವೆ.

ನಮಗೆ ನಿಜವಾಗಿ ತಟ್ಟುವ ಬಾಹ್ಯಾಕಾಶ ಹವಾಮಾನ ಕಣ್ಣಿಗೆ ಕಾಣದ್ದು. ಕಾಂತೀಯ ಸಮಭಾಜಕದ ನೆರೆಯಲ್ಲಿರುವ ನಮ್ಮ ಮೇಲಿನ ಅಯಾನುಗೋಳದಲ್ಲಿ (ವಾತಾವರಣದ ಮೇಲ್ಭಾಗದ, ವಿದ್ಯುದಂಶ ಹೊತ್ತ ಪದರದಲ್ಲಿ) ಸೂರ್ಯಾಸ್ತದ ನಂತರ ಗುಳ್ಳೆಗಳೆದ್ದು ಜಿಪಿಎಸ್ ಸಂಕೇತ ತತ್ತರಿಸುತ್ತದೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಇದು ಹೆಚ್ಚು.

ಮಕ್ಕಳಿಗೆ ಏನಾದರೂ ತೋರಿಸಲೇಬೇಕೆಂದಿದ್ದರೆ ಹಗಲಿನಲ್ಲೇ ತೋರಿಸಿ. 2024ರ ಮೇ ಬಿರುಗಾಳಿಗೆ ಕಾರಣವಾದ ಸೂರ್ಯಕಲೆಗಳ ಗುಂಪು ಭೂಮಿಯ ಸುಮಾರು 15 ಪಟ್ಟು ಅಗಲವಿತ್ತು. ಗೀರಿಲ್ಲದ, ಪ್ರಮಾಣೀಕೃತ ಗ್ರಹಣ ಕನ್ನಡಕದಲ್ಲಿ ದೂರದರ್ಶಕವಿಲ್ಲದೆಯೇ ಕಾಣುತ್ತಿತ್ತು. ಅಂಥ ಕಲೆ ಮತ್ತೆ ಮೂಡಿದಾಗ ಬೀದರ್‌ಗೂ ನಾರ್ವೆಗೂ ಅದು ಒಂದೇ ತೆರನಾಗಿ ಕಾಣುತ್ತದೆ.