ಹಪ್ಪಳದ ದುಡ್ಡು ತಡವಾಗಿ ಬರತ್ತೆ, ಕಂತು ತಡ ಆಗಲ್ಲ

ಸಾಗರ, ಹೊಸನಗರ ಕಡೆ ಮಹಿಳಾ ಸಂಘಗಳಿಗೆ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿರಪ್ ಮಾರೋ ಲೆಕ್ಕಾಚಾರ ಹೇಳಿಕೊಡೋದು ನನ್ನ ಕೆಲಸ. ಎಷ್ಟು ಲಾಭ ಬಂತು ಅನ್ನೋದಕ್ಕಿಂತ ಮುಂಚೆ ಈ ವಾರ ಮನೇಲಿ ಎಷ್ಟು ದಿನ ಬೇಳೆ ಬೇಯ್ತು ಅಂತ ಕೇಳ್ತೀನಿ.

ರೇಷನ್ ಅಕ್ಕಿ ಇರೋದ್ರಿಂದ ಅನ್ನಕ್ಕೆ ಹೇಗೋ ಆಗತ್ತೆ, ಆದ್ರೆ ಬೇಳೆ, ಮೊಟ್ಟೆ, ಎಣ್ಣೆಗೆ ಕೈಯಲ್ಲಿ ಕಾಸು ಬೇಕಲ್ಲ. ಹಲಸಿನಕಾಯಿ ಹಪ್ಪಳನೇ ತಗೊಳ್ಳಿ, ಬೇಸಿಗೇಲಿ ಕಾಯಿ ಕೊಯ್ದು, ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಒತ್ತಿ, ಮಳೆ ಹಿಡಿಯೋದ್ರೊಳಗೆ ಒಣಗಿಸಿ ಡಬ್ಬಕ್ಕೆ ತುಂಬಬೇಕು, ಅಂದ್ರೆ ಖರ್ಚೆಲ್ಲ ಏಪ್ರಿಲ್-ಮೇನಲ್ಲೇ ಆಗಿಹೋಗತ್ತೆ, ಮಾರಾಟ ಮಳೆಗಾಲದಲ್ಲಿ ನಿಧಾನಕ್ಕೆ, ಅಂಗಡಿಯವ್ರು ದುಡ್ಡು ಕೊಡೋದು ಇನ್ನೂ ತಡ. ಇದಕ್ಕೆ ಅಂತ ತಗೊಂಡ ಸಾಲದ ಕಂತು ಮಾತ್ರ ಜೂನ್‌ನಲ್ಲೂ ಕಟ್ಟಬೇಕು, ಕೂಲಿ ಕಮ್ಮಿ ಇರೋ, ಮಕ್ಕಳ ಪುಸ್ತಕ-ಬ್ಯಾಗಿನ ಖರ್ಚಿರೋ ಅದೇ ಹೊತ್ತಲ್ಲಿ. ಆಗ ಕಡಿತ ಆಗೋದು ದಿನಸಿ ಚೀಟಿಯಲ್ಲಿ, ಮೊದಲು ಮೊಟ್ಟೆ, ಆಮೇಲೆ ಬೇಳೆ, ಇದ್ದಿದ್ದು ಗಂಡ-ಮಕ್ಕಳಿಗೆ ಬಡಿಸಿ ಹಪ್ಪಳ ಒತ್ತಿದವಳಿಗೆ ತಿಳಿಸಾರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಇದೆ. ಅದಕ್ಕೆ ಕಾರಣ ಹಲವು ಇರಬಹುದು, ಆದ್ರೆ ಉದ್ಯಮ ಶುರು ಮಾಡಿದ ಮನೇಲೇ ಊಟ ಇಳಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗತ್ತೆ.

ಬ್ರೆಜಿಲ್‌ನ ಮನೆಗಳ ಲೆಕ್ಕ ಹಿಡಿದು ಡಂಕನ್ ಥಾಮಸ್ ಅನ್ನೋ ಅರ್ಥಶಾಸ್ತ್ರಜ್ಞರು 1990ರಲ್ಲಿ ತೋರಿಸಿದ್ರು, ಅಪ್ಪನ ಕೈಲಿರೋ ಆದಾಯಕ್ಕಿಂತ ಅಮ್ಮನ ಕೈಲಿರೋ ಆದಾಯ ಮಗು ಬದುಕುಳಿಯೋದಕ್ಕೆ ಸುಮಾರು 20 ಪಟ್ಟು ಹೆಚ್ಚು ನೆರವಾಗತ್ತೆ ಅಂತ. ಹಾಗಾಗಿ ಹಪ್ಪಳದ ದುಡ್ಡು ಅವಳ ಸ್ವಂತ ಖಾತೆಗೇ ಬೀಳ್ಬೇಕು, ಫೋನ್‌ಪೇ ನಂಬರ್ ಗಂಡಂದು ಕೊಟ್ಟಿದ್ರೆ ಇವತ್ತೇ ಬದಲಾಯಿಸಿ ಅಂತೀನಿ.

ಮಷೀನಿಗೆ ಅಂತ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಅನ್ನೋ, ಸಣ್ಣ ಆಹಾರ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಯೋಜನೆ ಇದೆ, ಬ್ಯಾಂಕ್ ಸಾಲ ತಗೊಂಡು ಮಾಡಿದ್ರೆ ಒಟ್ಟು ಯೋಜನಾ ವೆಚ್ಚದ 35% ಕೇಂದ್ರದ ಸಬ್ಸಿಡಿ, ಗರಿಷ್ಠ 10 ಲಕ್ಷ. ಒಳ್ಳೇದೇ, ಆದ್ರೆ ಒಂದು ಸೀಸನ್ ಕೈಯಲ್ಲೇ ಒತ್ತಿ ಮಾರಿ, ದುಡ್ಡು ಯಾವ ತಿಂಗಳು ಎಷ್ಟು ಬರತ್ತೆ ಅಂತ ಬರೆದಿಟ್ಕೊಂಡ ಮೇಲೆ ಅರ್ಜಿ ಹಾಕಿ. ಮತ್ತೆ ಡೈರಿಗೆ ಹಾಕೋ ಹಾಲಾಗ್ಲಿ, ಮಾರೋ ಹಪ್ಪಳ ಆಗ್ಲಿ, ಮನೆ ಪಾಲು ಮೊದಲು ತೆಗೆದಿಡಿ, ಉಳಿದ್ರೆ ಇಟ್ಕೊಳ್ಳೋಣ ಅಂದ್ರೆ ಉಳಿಯಲ್ಲ.

ಸಾಲ ತಗೊಳ್ಳೋ ಮೀಟಿಂಗಲ್ಲೇ ಕಂತಿನ ಮಾತೆತ್ತಿ, ಜೂನ್-ಜುಲೈಲಿ ಬರೀ ಬಡ್ಡಿ, ಅಸಲು ಆಗಸ್ಟಿಂದ ಅಂತ. ಸಂಘದ ಉಳಿತಾಯದಿಂದಲೇ ಕೊಡೋ ಒಳಸಾಲಕ್ಕಾದ್ರೆ ಇದನ್ನ ನೀವೇ ಕೂತು ಠರಾವು ಮಾಡ್ಬಹುದು.